ತಲೆಬುರುಡೆ ತೆರೆದು ನೋಡಿದ್ದಾರಾ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಏಳನೇ ಪುಟದಲ್ಲಿ, ಶಾಲಾ ವಾರ್ಷಿಕೋತ್ಸವದ ಫೋಟೊದ ಕೆಳಗೆ, ಐದೇ ಸಾಲಿನ ಒಂದು ಸುದ್ದಿ ಇತ್ತು. ಬೋನಿನಲ್ಲಿ ಸಾಕುತ್ತಿದ್ದ ಒಂದು ಹೆಣ್ಣು ಚಿರತೆ ಸತ್ತಿದೆ. ಹತ್ತು ದಿನದಿಂದ ಹಿಂಗಾಲು ಎಳೆಯುತ್ತಿತ್ತು. ತಲೆ ಒಂದು ಕಡೆಗೆ ವಾಲಿತ್ತು. ಆಮೇಲೆ ಮಾಂಸ ಮುಟ್ಟುವುದನ್ನೇ ಬಿಟ್ಟಿತು. ವಯಸ್ಸಾಗಿ ಪಾರ್ಶ್ವವಾಯು ಬಂದು ಸತ್ತಿತು ಅಂತ ಅಲ್ಲಿನವರು ಹೇಳಿದ್ದಾರೆ. ಚಿರತೆಗೆ ಆರು ವರ್ಷ ಅಂತಲೂ ಅದೇ ಸುದ್ದಿಯಲ್ಲಿದೆ.

ಆರು ವರ್ಷದ ಚಿರತೆಗೆ ಎಂಥ ಮುಪ್ಪು? ಚೆನ್ನಾಗಿ ನೋಡಿಕೊಂಡರೆ ಬೋನಿನ ಚಿರತೆ ಇಪ್ಪತ್ತು ವರ್ಷ ಬದುಕುವುದುಂಟು. ಪಾರ್ಶ್ವವಾಯು ಅನ್ನುವುದು ಕಾರಣದ ಹೆಸರೂ ಅಲ್ಲ. ಕೈಕಾಲಿಗೆ ಸ್ವಾಧೀನ ಇಲ್ಲ ಅಂತ ಅಷ್ಟೇ ಅದರ ಅರ್ಥ. ಯಾಕೆ ಇಲ್ಲ ಅಂತ ತಿಳಿಯಬೇಕಾದರೆ ತಲೆಬುರುಡೆಯ ಒಳಗೆ, ಬೆನ್ನೆಲುಬಿನ ಒಳಗೆ ನೋಡಬೇಕು. ನೋಡಿದ್ದಾರಾ? ಅದನ್ನು ಕೇಳಬೇಕು ಅಂತಲೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ. ದಯವಿಟ್ಟು ಪೂರ್ತಿ ಓದಿ.

ನಾನು ಇಪ್ಪತ್ತೊಂಬತ್ತು ವರ್ಷ ಗಡಿಯಾಚೆ ಕರ್ನಾಟಕದ ಒಂದು ಪಶುವೈದ್ಯ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್ ಆಗಿದ್ದೆ. ಈಗ ನಿವೃತ್ತಿಯಾಗಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟದ ಮನೆಯಲ್ಲಿದ್ದೇನೆ. ನಾನು ಡಾಕ್ಟರಲ್ಲ. ಸತ್ತ ಪ್ರಾಣಿಗಳ ಅಂಗಾಂಗದ ತುಂಡುಗಳು ನಮ್ಮಲ್ಲಿಗೆ ಬರುತ್ತಿದ್ದವು. ಅದನ್ನು ಮೇಣದಲ್ಲಿ ಕೂರಿಸಿ, ಮೈಕ್ರೋಟೋಮ್ ಅನ್ನುವ ಯಂತ್ರದಲ್ಲಿ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಸ್ಲೈಡ್ ಮಾಡಿ ಡಾಕ್ಟರ ಮೇಜಿನ ಮೇಲೆ ಇಡುವುದು ನನ್ನ ಕೆಲಸ. ತಲೆಗೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲಿಗಿಂತಲೂ ತೆಳು ಇರಬೇಕು ಆ ಸೆಕ್ಷನ್. ದನ, ಆಡು, ನಾಯಿ, ಕೋಳಿಯದ್ದೇ ಜಾಸ್ತಿ. ವರ್ಷಕ್ಕೆ ಕೆಲವು ಸಲ ಬೋನಿನಲ್ಲಿದ್ದ ಕಾಡುಪ್ರಾಣಿಗಳದ್ದೂ ಬರುತ್ತಿತ್ತು. ಚಿರತೆ, ಪುನುಗು ಬೆಕ್ಕು, ಕಾಡುಬೆಕ್ಕು, ನರಿ.

1998ರ ಆಟಿ ತಿಂಗಳು. ಹೊರಗೆ ಕಣ್ಣು ಬಿಡಲಾಗದಂಥ ಮಳೆ. ಮಧ್ಯಾಹ್ನದ ಬಸ್ಸಿನಲ್ಲಿ ಒಬ್ಬ ಹುಡುಗ ಒದ್ದೆಯಾಗಿಕೊಂಡು ಒಂದು ಪ್ಲಾಸ್ಟಿಕ್ ತೊಟ್ಟೆ ತಂದ. ಅದರೊಳಗೆ ಕೆಮ್ಮಿನ ಸಿರಪ್ಪಿನ ಬಾಟ್ಲಿ. ಬಾಟ್ಲಿಯಲ್ಲಿ ಫಾರ್ಮಾಲಿನ್, ಅಂದರೆ ಅಂಗಾಂಗ ಕೊಳೆಯದ ಹಾಗೆ ಇಡುವ ದ್ರಾವಣ. ಅದರೊಳಗೆ ಒಂದು ಕಾಡುಬೆಕ್ಕಿನ ಮರಿಯ ಮಿದುಳು.

ಸತ್ತ ಹೊತ್ತಿಗೆ ಮಿದುಳು ಗಟ್ಟಿ ಮೊಸರಿನಷ್ಟು ಮೆತ್ತಗಿರುತ್ತದೆ. ಸಣ್ಣ ಬಾಯಿಯ ಬಾಟ್ಲಿಗೂ ಒತ್ತಿದರೆ ಇಳಿಯುತ್ತದೆ. ಫಾರ್ಮಾಲಿನ್‌ನಲ್ಲಿ ಕೆಲವು ದಿನ ಇದ್ದ ಮೇಲೆ ಬೇಯಿಸಿದ ಮೊಟ್ಟೆಯ ಹಾಗೆ ಗಟ್ಟಿಯಾಗುತ್ತದೆ. ಆಮೇಲೆ ಹೊರಗೆ ಬರುವುದಿಲ್ಲ. ನಾವು ಬಾಟ್ಲಿಗೆ ದಪ್ಪ ಟವೆಲ್ ಸುತ್ತಿ ಸುತ್ತಿಗೆಯಲ್ಲಿ ಒಡೆದೆವು. ಮಿದುಳು ಬಾಟ್ಲಿಯ ಆಕಾರಕ್ಕೇ ಬಂದಿತ್ತು. ಕಿಟಕಿಯ ಹತ್ತಿರ ಕೂತು ಚಿಮಟದಲ್ಲಿ ಗಾಜಿನ ಚೂರುಗಳನ್ನು ಒಂದೊಂದೇ ಹೆಕ್ಕಿದೆ. ಒಂದು ಚೂರು ಉಳಿದರೂ ಬ್ಲೇಡು ಹಾಳು, ಸೆಕ್ಷನ್ ಹರಿದುಹೋಗುತ್ತದೆ.

ಮೇಣದ ಬ್ಲಾಕಿನಿಂದ ಸೆಕ್ಷನ್ ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ ಹಾಗೆ ಬರುತ್ತದೆ. ಬೆಚ್ಚಗಿನ ನೀರಿನ ಮೇಲೆ ತೇಲಿಸಿದರೆ ಸುಕ್ಕು ಬಿಡುತ್ತದೆ. ಅದರ ಅಡಿಗೆ ಗಾಜಿನ ಸ್ಲೈಡ್ ತೂರಿಸಿ ಮೆಲ್ಲ ಎತ್ತಬೇಕು. ಆ ಮಿದುಳಿನಿಂದ ಎಂಟು ಸ್ಲೈಡ್ ಮಾಡಿದೆ. ಐದನೆಯದರಲ್ಲಿ ಡಾಕ್ಟರು ನಿಂತರು. ತುಂಬ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ "ಬನ್ನಿ, ನೀವೂ ಒಮ್ಮೆ ನೋಡಿ" ಅಂತ ಕರೆದರು.

ತಿಳಿ ಗುಲಾಬಿ ಬಣ್ಣದ ಮಿದುಳಿನ ನಡುವೆ ಒಂದು ಉರುಟು ಚೀಲ. ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ ತೆಳ್ಳಗಿನ ಗೋಡೆ. ಒಳಗೆ ಸಾಸಿವೆ ಒತ್ತಿ ತುಂಬಿದ ಹಾಗೆ ನೇರಳೆ ಚುಕ್ಕಿಗಳು. ಅದರ ಪಕ್ಕದ ಜಾಗದಲ್ಲಿ ಮಿದುಳು ಸತ್ತು ಬಣ್ಣ ಮಂಕಾಗಿತ್ತು. ಟಾಕ್ಸೊಪ್ಲಾಸ್ಮಾ. ಕಣ್ಣಿಗೆ ಕಾಣದಷ್ಟು ಸಣ್ಣ ಪರಾವಲಂಬಿ ಜೀವಿ.

ಆ ಕಾಡುಬೆಕ್ಕಿನ ಮರಿಗಳು ಮೂರು ಇದ್ದವು. ಗದ್ದೆಯ ಬದಿಯಲ್ಲಿ ಸಿಕ್ಕಿದವಂತೆ. ಮೂರನ್ನೂ ಒಂದೇ ಬೋನಿನಲ್ಲಿ ಸಾಕಿದ್ದರು. ಮೊದಲನೆಯದು ಸತ್ತಾಗ ಬೆನ್ನಿಗೆ ಪೆಟ್ಟು ಬಿದ್ದಿರಬೇಕು ಅಂದುಕೊಂಡಿದ್ದರು. ಅಲ್ಲಿ ಹೊಸದಾಗಿ ಬಂದಿದ್ದ ಒಬ್ಬ ಡಾಕ್ಟರು ಹಟ ಮಾಡಿ ತಲೆ ತೆರೆದರು. ಬೇರೆ ಬಾಟ್ಲಿ ಸಿಗದೆ ಸಿರಪ್ಪಿನ ಬಾಟ್ಲಿಗೆ ಹಾಕಿದ್ದರು, ಪಾಪ. ನಮ್ಮ ವರದಿ ಹೋಗುವ ಹೊತ್ತಿಗೆ ಎರಡನೇ ಮರಿಯೂ ಸತ್ತಿತ್ತು. ಮೂರನೆಯದು ಆಗತಾನೇ ಕಾಲು ಎಳೆಯಲು ಶುರು ಮಾಡಿತ್ತು. ಅದಕ್ಕೆ ಕ್ಲಿಂಡಾಮೈಸಿನ್ ಕೊಟ್ಟರು. ಔಷಧದ ಅಂಗಡಿಯಲ್ಲಿ ಸಿಗುವ ಮಾತ್ರೆಯೇ ಅದು. ಮರಿ ಬದುಕಿತು. ಮರುವರ್ಷ ನಾನೇ ಹೋಗಿ ನೋಡಿದೆ. ತಲೆ ಎಡಕ್ಕೆ ವಾಲಿಯೇ ಇತ್ತು. ಬೂತಾಯಿ ಮೀನು ಎಸೆದರೆ ಮೊದಲ ಸಲ ಗುರಿ ತಪ್ಪಿ ಎರಡನೇ ಸಲ ಹಿಡಿಯುತ್ತಿತ್ತು. ಆದರೆ ಹಿಡಿಯುತ್ತಿತ್ತು.

ಒಂದು ಮಿದುಳು ನೋಡಿದ್ದರಿಂದ ಒಂದು ಜೀವ ಉಳಿಯಿತು. ಇದನ್ನು ಕಣ್ಣಾರೆ ಕಂಡವಳು ನಾನು. ಅದಕ್ಕೇ ಆ ಐದು ಸಾಲು ಓದಿ ಸುಮ್ನೆ ಕೂರಲು ಆಗಲಿಲ್ಲ.

ಟಾಕ್ಸೊಪ್ಲಾಸ್ಮಾಗೆ ಬೆಕ್ಕಿನ ಜಾತಿಯೇ ತವರುಮನೆ. ಅದರ ವಂಶ ಪೂರ್ತಿ ಬೆಳೆಯುವುದು ಬೆಕ್ಕಿನ ಕರುಳಿನಲ್ಲಿ ಮಾತ್ರ. ಮೊದಲ ಸಲ ಸೋಂಕು ಹಿಡಿದ ಬೆಕ್ಕು ಒಂದರಿಂದ ಮೂರು ವಾರ ಹೇಲಿನಲ್ಲಿ ಅದರ ಮೊಟ್ಟೆಯಂಥ ಕಣಗಳನ್ನು ಲಕ್ಷಗಟ್ಟಲೆ ಹೊರಹಾಕುತ್ತದೆ. ಹೊರಗೆ ಬಿದ್ದ ಒಂದರಿಂದ ಐದು ದಿನದಲ್ಲಿ ಅವು ಸೋಂಕು ಹರಡಲು ತಯಾರು. ತೇವ ಇರುವ ಮಣ್ಣಿನಲ್ಲಿ ವರ್ಷಕ್ಕೂ ಜಾಸ್ತಿ ಉಳಿಯುತ್ತವೆ. ನಮ್ಮ ಊರಿನ ಮಣ್ಣು ಯಾವಾಗ ಒಣಗಿರುತ್ತದೆ ಹೇಳಿ? ಆ ಮಣ್ಣಿನ ಹುಲ್ಲು ತಿಂದ ಆಡಿನ ಮಾಂಸದೊಳಗೆ ಅದು ಸಣ್ಣ ಚೀಲ ಕಟ್ಟಿಕೊಂಡು ಕೂರುತ್ತದೆ. ಹಸಿ ಮಾಂಸ ತಿಂದ ಪ್ರಾಣಿಗೆ ಅಲ್ಲಿಂದ ದಾಟುತ್ತದೆ. ಆರೋಗ್ಯವಾಗಿರುವ ದೊಡ್ಡ ಪ್ರಾಣಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮರಿಗಳು, ಬೇರೆ ಕಾಯಿಲೆಯಿಂದ ಬಳಲಿದವು, ಬೋನಿನ ಭಯಕ್ಕೆ ಸೊರಗಿದವು ತಡೆಯುವುದಿಲ್ಲ. ಮಧ್ಯ ಏಷ್ಯಾದ ಚಳಿ ಬಯಲಿನಲ್ಲಿ ಪಲ್ಲಾಸ್ ಬೆಕ್ಕು ಅಂತ ಒಂದು ಕಾಡುಬೆಕ್ಕು ಇದೆ. ಚಳಿಗಾಡಿನಲ್ಲಿ ಈ ಜೀವಿಯ ಕಾಟ ಅದಕ್ಕೆ ಕಡಿಮೆ. ಮೃಗಾಲಯಕ್ಕೆ ತಂದಾಗ ಮಾತ್ರ ಅದರ ಮರಿಗಳು ಒಂದರ ಹಿಂದೆ ಒಂದು ಇದೇ ಸೋಂಕಿಗೆ ಸಾಯುತ್ತಿದ್ದವು. ಯಾಕೆ ಅಂತ ಗೊತ್ತಾಗಿದ್ದು ಸತ್ತ ಮರಿಗಳನ್ನು ಪರೀಕ್ಷೆ ಮಾಡಿದ್ದರಿಂದ.

ನಾಯಿ ಜಾತಿಗೆ ಇಂಥದ್ದೇ ಇನ್ನೊಂದು ಇದೆ, ನಿಯೋಸ್ಪೊರಾ ಅಂತ. ಇದರ ಕಥೆ ನನ್ನಂಥ ಸ್ಲೈಡ್ ಮಾಡುವವರಿಗೆ ತುಂಬ ಹತ್ತಿರದ್ದು. ಮೊದಲೆಲ್ಲ ಹಿಂಗಾಲು ಸೆಟೆದು ಸತ್ತ ನಾಯಿಮರಿಯ ಮಿದುಳಿನಲ್ಲಿ ಚೀಲ ಕಂಡರೆ ಟಾಕ್ಸೊಪ್ಲಾಸ್ಮಾ ಅಂತಲೇ ಬರೆಯುತ್ತಿದ್ದರು. ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ವಿಜ್ಞಾನಿ ಜೆ.ಪಿ. ದುಬೆ ಅವರು ಮತ್ತು ಅವರ ಜೊತೆಯವರು ಬಾಸ್ಟನ್ನಿನ ಒಂದು ಪ್ರಾಣಿ ಆಸ್ಪತ್ರೆಯಲ್ಲಿ ತೆಗೆದಿಟ್ಟಿದ್ದ ಹಳೇ ಸ್ಲೈಡ್‌ಗಳನ್ನು ಮತ್ತೆ ನೋಡಿದರು. ಇಪ್ಪತ್ಮೂರು ನಾಯಿಗಳ ಸ್ಲೈಡ್. ಅದರಲ್ಲಿ ಹತ್ತರಲ್ಲಿ ಇದ್ದದ್ದು ಟಾಕ್ಸೊಪ್ಲಾಸ್ಮಾ ಆಗಿರಲಿಲ್ಲ. ಚೀಲದ ಗೋಡೆ ದಪ್ಪ ಇತ್ತು. 1988ರಲ್ಲಿ ಅದಕ್ಕೆ ಹೊಸ ಹೆಸರು ಕೊಟ್ಟರು. ದನಗಳ ಗರ್ಭಪಾತಕ್ಕೂ ಇದು ದೊಡ್ಡ ಕಾರಣ ಅಂತ ಆಮೇಲೆ ಪ್ರಪಂಚಕ್ಕೆಲ್ಲ ಗೊತ್ತಾಯಿತು. ಹೆಸರೇ ಇಲ್ಲದ ಯಾವಳೋ ಒಬ್ಬ ಟೆಕ್ನಿಷಿಯನ್ ಆ ಸ್ಲೈಡ್‌ಗಳನ್ನು ಚೆನ್ನಾಗಿ ಮಾಡಿ, ನಂಬರ್ ಬರೆದು, ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ್ದಳು. ಯಾವನೋ ಆಗಿರಲೂಬಹುದು. ಈ ವಿಷಯ ಡಾಕ್ಟರು ಹೇಳಿದ ದಿನ ನಾನು ನಮ್ಮ ಸ್ಲೈಡ್ ಪೆಟ್ಟಿಗೆಗಳನ್ನೆಲ್ಲ ಇಳಿಸಿ ಗೆದ್ದಲು ಹಿಡಿದಿದೆಯಾ ಅಂತ ನೋಡಿ ಒರೆಸಿಟ್ಟೆ.

ತಲೆ ತೆರೆಯದೆ ಹೂತುಹಾಕಿದ ಪ್ರಾಣಿಯನ್ನು ಹೀಗೆ ಮತ್ತೆ ನೋಡಲು ಆಗುವುದಿಲ್ಲ, ಅಲ್ವಾ.

ಇನ್ನು ಬಸವನಹುಳು. ಇದನ್ನು ನಮ್ಮ ಜಿಲ್ಲೆಯವರು ಗಮನವಿಟ್ಟು ಓದಬೇಕು. ಆಫ್ರಿಕಾದ ದೈತ್ಯ ಬಸವನಹುಳು ಗೊತ್ತಲ್ಲ? ಮಲಯಾಳದಲ್ಲಿ ಆಫ್ರಿಕನ್ ಒಚ್ಚ್ ಅನ್ನುತ್ತಾರೆ. 1847ರಲ್ಲಿ ಕಲ್ಕತ್ತೆಗೆ ಯಾರೋ ಶೋಕಿಗೆ ತಂದು ಬಿಟ್ಟ ಜೀವಿ. ಇವತ್ತು ನನ್ನ ತೋಟದ ಪಪ್ಪಾಯಿ, ಬಾಳೆ, ಅಡಿಕೆ ಸಸಿ ಎಲ್ಲ ಅದಕ್ಕೆ ಊಟ. ಮಳೆ ಹಿಡಿದರೆ ರಾತ್ರಿ ಟಾರ್ಚ್ ಹಾಕಿಕೊಂಡು ಹೋಗಿ ಹೆಕ್ಕುತ್ತೇವೆ. ಕೈಗೆ ಹಾಲಿನ ಪ್ಯಾಕೆಟ್ಟಿನ ಕವರ್ ಕಟ್ಟಿಕೊಂಡು ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದು. ಒಂದು ರಾತ್ರಿಗೆ ಒಂದು ಬಕೆಟ್ ತುಂಬಿದ್ದೂ ಇದೆ. ಮೊಮ್ಮಗ ಬರಿಗೈಯಲ್ಲಿ ಹಿಡಿದು "ಅಜ್ಜಿ, ನೋಡು ಎಷ್ಟು ದೊಡ್ಡದು" ಅಂತ ತೋರಿಸಿದಾಗ ನಾನು ಕೂಗಿಕೊಂಡ ಕೂಗಿಗೆ ಆಚೆಮನೆಯವರು "ಎಂತ್ ಪಟ್ಟಿ ಚೇಚಿ?" (ಏನಾಯಿತು ಅಕ್ಕಾ?) ಅಂತ ಓಡಿ ಬಂದರು.

ನಾನು ಕೂಗಿದ್ದಕ್ಕೆ ಕಾರಣ ಇದೆ. ಇಲಿಯ ಶ್ವಾಸಕೋಶದ ರಕ್ತನಾಳದಲ್ಲಿ ಒಂದು ಹುಳ ಇರುತ್ತದೆ, ಆಂಜಿಯೊಸ್ಟ್ರಾಂಗೈಲಸ್ ಅಂತ. 1935ರಲ್ಲಿ ಚೀನಾದ ಕ್ಯಾಂಟನ್ ಊರಿನ ಇಲಿಗಳಲ್ಲಿ ಮೊದಲು ಕಂಡದ್ದು. ಅದರ ಮರಿಗಳು ಇಲಿಯ ಹಿಕ್ಕೆಯಲ್ಲಿ ಹೊರಗೆ ಬರುತ್ತವೆ. ಬಸವನಹುಳು ಆ ಹಿಕ್ಕೆ ತಿನ್ನುತ್ತದೆ. ಬಸವನಹುಳುವಿನ ಮೈಯಲ್ಲಿ ಮರಿ ಬೆಳೆಯುತ್ತದೆ. ಆ ಬಸವನಹುಳುವನ್ನು ಇನ್ನೊಂದು ಇಲಿ ತಿಂದರೆ ಮರಿಹುಳ ಮೊದಲು ಮಿದುಳಿಗೆ ಹೋಗಿ, ಅಲ್ಲಿ ಸ್ವಲ್ಪ ಬೆಳೆದು, ಮತ್ತೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಇಲಿಗೆ ಅದು ರೂಢಿಯ ದಾರಿ. ನಾಯಿಯೋ ಮನುಷ್ಯನೋ ತಿಂದರೆ ಮಿದುಳು, ಬೆನ್ನುಹುರಿಯ ತನಕ ಹೋದ ಹುಳಕ್ಕೆ ಮುಂದಿನ ದಾರಿ ಸಿಗುವುದಿಲ್ಲ. ಅಲ್ಲೇ ಓಡಾಡಿ ಅಲ್ಲೇ ಸಾಯುತ್ತದೆ. ಸುತ್ತ ಉರಿಯೂತ ಏಳುತ್ತದೆ. ಆಸ್ಟ್ರೇಲಿಯಾದ ಬ್ರಿಸ್ಬೇನ್ ಕಡೆ ನಾಯಿಮರಿಗಳು ಹಿಂಗಾಲು ಬಿದ್ದುಹೋಗಿ, ಬೆನ್ನು ಮುಟ್ಟಿದರೆ ಕಿರುಚುವುದು ಇದರಿಂದಲೇ ಅಂತ ಅಲ್ಲಿನ ಪಶುವೈದ್ಯರು ಹಿಂದಿನಿಂದಲೂ ಬಲ್ಲರು. ಕೇರಳದಲ್ಲಿ ಮನುಷ್ಯರಲ್ಲೂ ಈ ಥರದ ಮಿದುಳುಪೊರೆಯ ಉರಿಯೂತ ವರದಿಯಾಗಿದೆ. ಬಸವನಹುಳು ತಿನ್ನುವ ಉಡವನ್ನು ಹಸಿಯಾಗಿ ತಿಂದವರೂ ಅದರಲ್ಲಿ ಇದ್ದರು.

ನಮ್ಮ ಕಡೆಯ ಯಾವ ಬೋನಿನ ಸುತ್ತ ಇಲಿ ಇಲ್ಲ? ಯಾವ ಬೋನಿನ ಸಿಮೆಂಟಿನ ಮೇಲೆ ಮಳೆಗಾಲದಲ್ಲಿ ಬಸವನಹುಳು ಹತ್ತುವುದಿಲ್ಲ? ಪುನುಗು ಬೆಕ್ಕಿನಂಥ ಪ್ರಾಣಿ ಸಿಕ್ಕಿದ್ದೆಲ್ಲ ತಿನ್ನುತ್ತದೆ. ಬೋನಿನೊಳಗೆ ಬಸವನಹುಳು ಬಂದರೆ ಬಿಡುತ್ತದೆಯೇ? ಒಂದು ಸಲ ನಮಗೆ ಬಂದ ಪುನುಗು ಬೆಕ್ಕಿನ ಹೊಟ್ಟೆಯಲ್ಲಿ ಬಸವನಹುಳುವಿನ ಚಿಪ್ಪಿನ ಚೂರುಗಳಿದ್ದವು. ಹಿಂಗಾಲು ಬಿದ್ದು ಸತ್ತದ್ದು ಅಂತ ಚೀಟಿಯಲ್ಲಿ ಬರೆದಿತ್ತು. ಕಳಿಸಿದ್ದು ಹೊಟ್ಟೆ, ಪಿತ್ತಜನಕಾಂಗ, ಮೂತ್ರಪಿಂಡ. ತಲೆ, ಬೆನ್ನು ಇರಲಿಲ್ಲ. ಡಾಕ್ಟರು ಫೋನ್ ಮಾಡಿದರು. ಸುಟ್ಟುಹಾಕಿ ಆಯಿತು ಅಂದರು. ಆ ಚಿಪ್ಪಿನ ಚೂರುಗಳನ್ನು ನಾನು ಒಂದು ಸಣ್ಣ ಕುಪ್ಪಿಯಲ್ಲಿ ತುಂಬ ವರ್ಷ ಇಟ್ಟುಕೊಂಡಿದ್ದೆ. ಅದಕ್ಕೆ ಉತ್ತರ ಸಿಗಲೇ ಇಲ್ಲ.

ಹೀಗೆ ಬಂದ ಚೀಟಿಗಳು ಎಷ್ಟೋ. "ಸಾವಿಗೆ ಕಾರಣ: ಹೃದಯ ಸ್ತಂಭನ" ಅಂತ ಬರೆದಿರುತ್ತದೆ. ಸತ್ತ ಎಲ್ಲ ಜೀವಿಯ ಹೃದಯವೂ ನಿಂತೇ ನಿಲ್ಲುತ್ತದೆ. ಮೃಗಾಲಯದಲ್ಲಿ ಸತ್ತ ಪ್ರಾಣಿಯ ಮರಣೋತ್ತರ ಪರೀಕ್ಷೆ ಮಾಡಬೇಕು ಅಂತ ನಿಯಮ ಇದೆ. ಮಾಡುತ್ತಾರೆ ಕೂಡ. ಹೊಟ್ಟೆ ಸೀಳುತ್ತಾರೆ, ಎದೆ ಸೀಳುತ್ತಾರೆ. ಕುತ್ತಿಗೆಗೆ ಬಂದಾಗ ಕತ್ತಿ ನಿಲ್ಲುತ್ತದೆ.

ಯಾಕೆ ನಿಲ್ಲುತ್ತದೆ ಅಂತ ನನಗೆ ಅರ್ಥ ಆಗುತ್ತದೆ. ಅವರನ್ನು ದೂರಿ ಪ್ರಯೋಜನ ಇಲ್ಲ. ಚಿರತೆಯ ತಲೆಬುರುಡೆ ಗಟ್ಟಿ. ಗರಗಸ ಬೇಕು, ತಾಳ್ಮೆ ಬೇಕು. ಬೆನ್ನುಹುರಿ ತೆಗೆಯುವುದು ಇನ್ನೂ ಕಷ್ಟ. ಒಂದೊಂದೇ ಬೆನ್ನುಮೂಳೆಯ ಕಮಾನು ಕತ್ತರಿಸಿ, ಹೂವಿನ ದಂಟು ಎತ್ತಿದ ಹಾಗೆ ಎತ್ತಬೇಕು. ಎಳೆದರೆ ಹರಿಯುತ್ತದೆ, ಒತ್ತಿದರೆ ಜಜ್ಜಿಹೋಗುತ್ತದೆ. ಒಬ್ಬರೇ ಡಾಕ್ಟರು, ಒಬ್ಬ ಸಹಾಯಕ, ಮಳೆ, ಸೊಳ್ಳೆ, ಪಕ್ಕದಲ್ಲಿ ಸೌದೆ ಪೇರಿಸಿಕೊಂಡು ಕಾಯುವ ಜನ. ಎಲ್ಲಕ್ಕಿಂತ ದೊಡ್ಡದು ಹೆದರಿಕೆ. ಹುಚ್ಚುನಾಯಿ ರೋಗ ಇದ್ದರೆ ಅಂತ ತಲೆ ಮುಟ್ಟುವುದಿಲ್ಲ.

ಆದರೆ ಹುಚ್ಚುನಾಯಿ ರೋಗ ಇತ್ತಾ ಇಲ್ಲವಾ ಅಂತ ಖಾತ್ರಿಯಾಗುವುದು ಮಿದುಳು ನೋಡಿದ ಮೇಲೆ ತಾನೇ? ತಲೆ ತೆರೆಯದಿದ್ದರೆ ಆ ಬೋನು ತೊಳೆದವರಿಗೆ, ಬಾಯಿಗೆ ಮಾಂಸ ಕೊಟ್ಟವರಿಗೆ ಏನು ಹೇಳುತ್ತೀರಿ? ಲಸಿಕೆ ಹಾಕಿಸಿಕೊಂಡವರೇ ಮಾಡಬೇಕು, ಎರಡು ಜೊತೆ ಗ್ಲೌಸ್, ಕನ್ನಡಕ, ಮುಖಕ್ಕೆ ಮರೆ ಹಾಕಿಕೊಂಡೇ ಮಾಡಬೇಕು. ನಮ್ಮ ಲ್ಯಾಬಿನಲ್ಲಿ ನಮಗೆಲ್ಲ ಮೊದಲೇ ಲಸಿಕೆ ಆಗಿತ್ತು. ನಾನು ಎರಡನೇ ಬಸುರಿಯಾಗಿದ್ದಾಗ ನಮ್ಮ ಡಾಕ್ಟರು ಫಾರ್ಮಾಲಿನ್‌ಗೆ ಹಾಕದ ಹಸಿ ಮಾಂಸದ ತುಂಡು ಯಾವುದನ್ನೂ ನನ್ನ ಕೈಗೆ ಕೊಡಲಿಲ್ಲ. ಟಾಕ್ಸೊಪ್ಲಾಸ್ಮಾ ಹೊಟ್ಟೆಯ ಮಗುವಿಗೆ ದಾಟುತ್ತದೆ ಅಂತ. ಬೋನಿನ ಹೇಲು ಬಾಚುವ ಹೆಣ್ಣುಮಕ್ಕಳಿಗೆ ಇದನ್ನು ಯಾರು ಹೇಳಿದ್ದಾರೆ?

ಕಾರಣ ಬೇರೆ ಬೇರೆ ಇರುತ್ತದೆ ಅನ್ನುವುದೇ ಇಲ್ಲಿ ಮುಖ್ಯ. ನಾಯಿಗಳಿಂದ ಬರುವ ಡಿಸ್ಟೆಂಪರ್ ವೈರಸ್ ಇದ್ದರೂ ತಲೆ ವಾಲುತ್ತದೆ, ಮೈ ಅದುರುತ್ತದೆ. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರದಲ್ಲಿ ಇಪ್ಪತ್ತಕ್ಕೂ ಜಾಸ್ತಿ ಸಿಂಹಗಳು ಸತ್ತಾಗ ಡಿಸ್ಟೆಂಪರ್ ವೈರಸ್ಸೂ ಸಿಕ್ಕಿತು, ಉಣ್ಣಿಯಿಂದ ಬರುವ ಬೆಬೀಸಿಯಾ ಅನ್ನುವ ರಕ್ತದ ಪರಾವಲಂಬಿಯೂ ಸಿಕ್ಕಿತು. 2000ನೇ ಇಸವಿಯಲ್ಲಿ ಒಡಿಶಾದ ನಂದನಕಾನನದಲ್ಲಿ ಹತ್ತಕ್ಕೂ ಜಾಸ್ತಿ ಹುಲಿಗಳು ಸತ್ತದ್ದು ಟ್ರಿಪನೊಸೋಮಾದಿಂದ. ದನದ ನೊಣ ಕಚ್ಚಿ ಬರುವ ಸರ್ರಾ ಕಾಯಿಲೆ ಅದು. ರಕ್ತದಲ್ಲಿ ಈಜಾಡುವ ಜೀವಿ, ಕಾಯಿಲೆ ಹಳೆಯದಾದರೆ ಮಿದುಳಿಗೂ ನುಗ್ಗುತ್ತದೆ. ಪ್ರಾಣಿ ಬದುಕಿರುವಾಗ ಒಂದು ಹನಿ ರಕ್ತ ಸ್ಲೈಡಿನ ಮೇಲೆ ಹರಡಿ ನೋಡಿದರೂ ಎಷ್ಟೋ ಸಲ ಕಾಣುತ್ತದೆ. ದಕ್ಷಿಣ ಅಮೆರಿಕದಲ್ಲಂತೂ ಬೆಕ್ಕಿನ ಬೆನ್ನುಹುರಿಯ ರಕ್ತನಾಳದಲ್ಲೇ ಮನೆ ಮಾಡುವ ಹುಳ ಇದೆ. 1933ರಲ್ಲಿ ಚಿಲಿ ದೇಶದಲ್ಲಿ ಮೊದಲು ವರದಿಯಾಯಿತು. ಬೆನ್ನುಹುರಿ ತೆರೆಯದೆ ಅದನ್ನು ಯಾರೂ ಕಂಡಿರಲು ಸಾಧ್ಯವಿಲ್ಲ.

ಇದಕ್ಕೆಲ್ಲ ಔಷಧ ಬೇರೆ, ತಡೆಯುವ ದಾರಿ ಬೇರೆ. ಒಂದಕ್ಕೆ ಮಾಂಸ ಫ್ರೀಜ್ ಮಾಡಿ ಕೊಟ್ಟರೆ ಸಾಕು. ಮೈನಸ್ 12 ಡಿಗ್ರಿಗಿಂತ ಕೆಳಗೆ ಮೂರು ದಿನ ಪೂರ್ತಿ ಗಟ್ಟಿಯಾಗಿಟ್ಟರೆ ಟಾಕ್ಸೊಪ್ಲಾಸ್ಮಾದ ಚೀಲಗಳು ಸಾಮಾನ್ಯವಾಗಿ ಸಾಯುತ್ತವೆ. ಮತ್ತೊಂದಕ್ಕೆ ಇಲಿ, ಬಸವನಹುಳು ಬರದ ಹಾಗೆ ನೋಡಬೇಕು. ಇನ್ನೊಂದಕ್ಕೆ ನೊಣ, ಮಗದೊಂದಕ್ಕೆ ಬೀದಿನಾಯಿ. ಸತ್ತದ್ದು ಯಾವುದರಿಂದ ಅಂತ ಗೊತ್ತಿಲ್ಲದೆ ಪಕ್ಕದ ಬೋನಿನಲ್ಲಿ ಉಸಿರಾಡುತ್ತಿರುವ ಪ್ರಾಣಿಗೆ ಏನು ಮಾಡುತ್ತೀರಿ?

ನಮ್ಮ ಕಾಸರಗೋಡಿನಲ್ಲಿ ಮೃಗಾಲಯ ಇಲ್ಲ. ಆದರೆ ಉರುಳಿಗೆ ಬಿದ್ದ, ಬಾವಿಗೆ ಬಿದ್ದ, ಬೋನಿಗೆ ಸಿಕ್ಕಿದ ಪ್ರಾಣಿಗಳಿವೆ. ಮೂರು ಭಾಷೆಯ ಊರು ನಮ್ಮದು. ಮಲಯಾಳದಲ್ಲಿ ಪುಲಿ ಅಂದರೆ ಚಿರತೆ, ತುಳುವಿನಲ್ಲಿ ಪಿಲಿ ಅಂದರೆ ಹುಲಿ. ಫಾರೆಸ್ಟಿನವರು ಪುಲಿ ಅಂದದ್ದು ನಮ್ಮ ಕಿವಿಗೆ ಬೀಳುವಾಗ ಹುಲಿ ಆಗಿರುತ್ತದೆ. ಬಂತು ಅಂದಾಗ ಊರಿಗೆ ಊರೇ ಸೇರುತ್ತದೆ. ಹಿಡಿದು ಸಾಗಿಸಿದ ಮೇಲೆ ಅದು ಬದುಕಿತಾ ಸತ್ತಿತಾ ಅಂತ ಕೇಳುವವರಿಲ್ಲ. ಸತ್ತರೆ ಪರೀಕ್ಷೆಗೆ ಕಳಿಸಬೇಕಾದ ದೊಡ್ಡ ಲ್ಯಾಬ್ ಪಾಲೋಡಿನಲ್ಲಿ, ಕೇರಳದ ಆ ತುದಿಯಲ್ಲಿ. ನಮ್ಮ ಕರಾವಳಿಯ ಸೆಖೆಗೆ ಹೆಣ ಗಂಟೆಗಳಲ್ಲಿ ಕೊಳೆಯುತ್ತದೆ. ಮಿದುಳು ಅದಕ್ಕಿಂತ ಮೊದಲೇ ಗಂಜಿಯಾಗುತ್ತದೆ. ಆದ್ದರಿಂದ ಪ್ರಾಣಿ ಸತ್ತ ಜಾಗದ ಹತ್ತಿರವೇ, ಅದೇ ದಿನ, ತಲೆ ತೆರೆಯಬೇಕು.

ಅದಕ್ಕೆ ಬೇಕಾದದ್ದು ಏನು ಅಂತ ನಾನು ಬರೆಯುತ್ತೇನೆ. ಇದನ್ನು ಓದುವ ಯಾವುದಾದರೂ ಪಶುವೈದ್ಯ ಸಹಾಯಕರಿಗೆ ಉಪಯೋಗ ಆದೀತು. ಮೂಳೆ ಕೊಯ್ಯುವ ಒಂದು ಕೈಗರಗಸ. ಉಪ್ಪಿನಕಾಯಿ ಭರಣಿಯಷ್ಟು ಅಗಲ ಬಾಯಿಯ ಎರಡು ಪ್ಲಾಸ್ಟಿಕ್ ಡಬ್ಬ. ಹತ್ತು ಪರ್ಸೆಂಟ್ ಫಾರ್ಮಾಲಿನ್, ತುಂಡಿನ ಹತ್ತು ಪಟ್ಟು. ಒಂದು ಥರ್ಮೊಕೋಲ್ ಪೆಟ್ಟಿಗೆ, ಐಸ್. ಮಿದುಳನ್ನು ಉದ್ದಕ್ಕೆ ಎರಡು ಭಾಗ ಮಾಡಿ ಅರ್ಧ ಐಸಿನ ಪೆಟ್ಟಿಗೆಗೆ, ಹುಚ್ಚುನಾಯಿ ರೋಗದ ಪರೀಕ್ಷೆಗೂ ವೈರಸ್ ಪರೀಕ್ಷೆಗೂ. ಇನ್ನರ್ಧ ಫಾರ್ಮಾಲಿನ್‌ಗೆ. ಬೆನ್ನುಹುರಿಯನ್ನು ಕುತ್ತಿಗೆ, ಬೆನ್ನು, ಸೊಂಟ ಅಂತ ಮೂರು ಕಡೆಯಿಂದ ತೆಗೆದು ಅದೇ ಡಬ್ಬಕ್ಕೆ. ಫಾರ್ಮಾಲಿನ್‌ಗೆ ಹಾಕುವ ತುಂಡನ್ನು ಮಾತ್ರ ದಯವಿಟ್ಟು ಫ್ರೀಜರಿನಲ್ಲಿ ಇಡಬೇಡಿ. ಒಳಗೆ ಐಸಿನ ಹರಳು ಕಟ್ಟಿ ಟಿಶ್ಯೂ ಎಲ್ಲ ತೂತು ತೂತಾಗುತ್ತದೆ. ಅಂಥ ಸ್ಲೈಡ್ ನೋಡುವಾಗ ಎಷ್ಟು ಸಂಕಟ ಆಗುತ್ತದೆ ಅಂತ ನನಗೆ ಗೊತ್ತು. ಫಾರ್ಮಾಲಿನ್‌ಗೆ ಸರಿಯಾಗಿ ಬಿದ್ದ ಮಿದುಳಿಗೆ ಮತ್ತೆ ಅವಸರ ಇಲ್ಲ. ಪಾಲೋಡಿಗಾದರೂ ಸೈ, ಬೆಂಗಳೂರಿನ ಹೆಬ್ಬಾಳದ ಲ್ಯಾಬಿಗಾದರೂ ಸೈ, ನಾಲ್ಕು ದಿನ ತಡವಾಗಿ ಹೋದರೂ ಹಾಳಾಗುವುದಿಲ್ಲ. ಚೀಟಿಯಲ್ಲಿ ಪ್ರಾಣಿ ಯಾವ ಕಾಲು ಎಳೆಯುತ್ತಿತ್ತು, ಎಷ್ಟು ದಿನದಿಂದ, ಏನು ತಿನ್ನುತ್ತಿತ್ತು, ಮಾಂಸ ಎಲ್ಲಿಂದ ಬರುತ್ತಿತ್ತು ಅಂತ ಬರೆಯಿರಿ. ಅದನ್ನು ಸರಿಯಾಗಿ ಹೇಳಬಲ್ಲವರು ದಿನಾ ಊಟ ಕೊಡುವವರು. ಅವರನ್ನು ಕೇಳಿ ಬರೆಯಿರಿ. ಬಂದ ವರದಿಯನ್ನೂ ಅವರಿಗೆ ಓದಿ ಹೇಳಿ.

ಈ ಸಾಮಾನುಗಳಿಗೆಲ್ಲ ಸೇರಿ ಚಿರತೆ ಹಿಡಿಯುವ ಒಂದು ಬೋನಿನ ಖರ್ಚಿನ ಸಣ್ಣ ಪಾಲೂ ಆಗಲಾರದು. ಪ್ರತಿ ತಾಲೂಕಿನ ಮೃಗಾಸ್ಪತ್ರೆಯಲ್ಲಿ ಒಂದು ಪೆಟ್ಟಿಗೆ ತಯಾರು ಇಟ್ಟರೆ ಸಾಕು.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಆ ಐದು ಸಾಲು ಬರೆದ ವರದಿಗಾರರನ್ನು ಇನ್ನೊಮ್ಮೆ ಅಲ್ಲಿಗೆ ಕಳಿಸಿ. ಮೂರೇ ಪ್ರಶ್ನೆ ಕೇಳಲಿ. ಆ ಹೆಣ್ಣು ಚಿರತೆಯ ತಲೆಬುರುಡೆ ತೆರೆದರಾ? ಮಿದುಳು, ಬೆನ್ನುಹುರಿ ಯಾವ ಲ್ಯಾಬಿಗೆ ಹೋಗಿದೆ? ಪಕ್ಕದ ಬೋನಿನಲ್ಲಿ ಇನ್ನೊಂದು ಗಂಡು ಚಿರತೆ ಇದೆ ಅಂತ ನೀವೇ ಬರೆದಿದ್ದೀರಿ. ಅದು ಈಗ ನಾಲ್ಕೂ ಕಾಲಿನ ಮೇಲೆ ಸರಿಯಾಗಿ ನಡೆಯುತ್ತಿದೆಯಾ? ಉತ್ತರ ಏನೇ ಬಂದರೂ ಪ್ರಕಟಿಸಿ. ನಾನು ದಿನಾ ಬೆಳಿಗ್ಗೆ ಏಳನೇ ಪುಟ ನೋಡುತ್ತಿರುತ್ತೇನೆ.

ಇತಿ,
ನಿವೃತ್ತ ಪ್ರಯೋಗಾಲಯ ಟೆಕ್ನಿಷಿಯನ್, ಬದಿಯಡ್ಕ, ಕಾಸರಗೋಡು ಜಿಲ್ಲೆ
(ದಯವಿಟ್ಟು ಹೆಸರು ಹಾಕಬೇಡಿ)